ತಾಪಾಸ್ ಬಾರಿನಲ್ಲಿ ಒಂದು ಸಸ್ಯಾಹಾರಿ ಸಂಜೆ

ಸ್ಪೇನಿನ ಸೆವಿಲ್ ನಗರದಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ ಒಂಬತ್ತೂವರೆಯಾದರೂ ಮುಳುಗುವ ಮನಸ್ಸು ಮಾಡುವುದಿಲ್ಲ. ಅಡುಗೆಯವರಿಗೂ ಅವನದೇ ಬುದ್ಧಿ. ಎಂಟೂವರೆಯ ತನಕ ಒಲೆಯ ಹತ್ತಿರ ಸುಳಿಯುವುದಿಲ್ಲ. ಏಳೂವರೆಗೆ ಊಟಕ್ಕೆ ಕೂರುವ ನಮ್ಮವರು ಏಳಕ್ಕೇ ನನ್ನನ್ನು ತಾಪಾಸ್, ಅಂದರೆ ಪುಟ್ಟ ಪುಟ್ಟ ತಟ್ಟೆಯ ತಿನಿಸು, ಕೊಡುವ ಬಾರಿಗೆ ಹೊರಡಿಸಿದರು. "ಬೇಗ ಹೋದರೆ ಒಳ್ಳೆಯ ಜಾಗ ಸಿಗುತ್ತದೆ" ಎಂಬ ವಾದ ಬೇರೆ. ಜಾಗ ಸಿಕ್ಕಿತು. ಊಟದ ಬದಲು ಆಲಿವ್ ಕಾಯಿ ಬಂತು. ಒಂದೂವರೆ ಗಂಟೆ ಅದನ್ನೇ ಚೀಪಿದೆವು.

ಅಷ್ಟು ಹೊತ್ತೂ ನೋಡಲು ಇದ್ದದ್ದು ಸೂರು ಮಾತ್ರ. ಅಲ್ಲಿ ಗೊರಸು ಸಮೇತ ಹಂದಿಯ ತೊಡೆಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದರ ತುದಿಗೂ ಮಡಚದ ಪುಟ್ಟ ಛತ್ರಿಯನ್ನು ತಲೆಕೆಳಗು ಮಾಡಿದಂತಹ ಪ್ಲಾಸ್ಟಿಕ್ ಬಟ್ಟಲು ಚುಚ್ಚಿದ್ದರು, ಜಿನುಗುವ ಕೊಬ್ಬು ಗಿರಾಕಿಗಳ ತಲೆಗೆ ಬೀಳಬಾರದಲ್ಲ!

"ಬಟ್ಟಲು ತುಂಬಿದರೆ ಏನೇ ಗತಿ?"

"ನೀವು ಸ್ವಲ್ಪ ಈಚೆ ನಿಲ್ಲಿ."

ಮಾಂಸ ಬೇಡವೆಂದು ಕೈಬಾಯಿ ಸನ್ನೆ ಮಾಡಿ ತಿಳಿಸಿದೆವು. ಬಾರಿನವನು ತಲೆಯಾಡಿಸಿ ಸಾಲ್ಮೊರೆಹೊ ತಂದ. ಟೊಮೆಟೊ, ಬ್ರೆಡ್ಡು, ಆಲಿವ್ ಎಣ್ಣೆ ಅರೆದು ಮಾಡಿದ ತಣ್ಣನೆಯ ಗಟ್ಟಿ ಸಾರು. ಮೇಲೆ ಧಾರಾಳವಾಗಿ ಹಂದಿ ಮಾಂಸದ ಚೂರು! ಹಿಂದಿರುಗಿಸಿದೆವು. ಪಾಪ, ತುಂಬ ನೊಂದುಕೊಂಡು ಒಳಗೆ ಹೋದವನು ಸಲಾಡ್ ಹಿಡಿದು ಗೆಲುವಿನಿಂದ ಬಂದ. ಅದರ ತುಂಬ ಟೂನಾ ಮೀನು.

ಕಡೆಗೆ ನಮ್ಮನ್ನು ಕಾಪಾಡಿದ್ದು ಪಾಲಕ್ ಮತ್ತು ಕಡಲೆಕಾಳು. ಜೀರಿಗೆ, ಬೆಳ್ಳುಳ್ಳಿ ಘಮಘಮಿಸುವ ಆ ಊರಿನದೇ ತಿನಿಸು. ನಮ್ಮವರ ಮುಖ ಅರಳಿತು. ಅಲ್ಲಿ ಒಂದೇ ತಿನಿಸಿಗೆ ಮೂರು ಬೆಲೆ: ಪುಟ್ಟ ತಟ್ಟೆಯ ತಾಪಾ, ಅರ್ಧ ರಸಿಯೋನ್, ದೊಡ್ಡ ತಟ್ಟೆಯ ಇಡೀ ರಸಿಯೋನ್. ಪಟ್ಟಿಯಲ್ಲಿ ಅಗ್ಗದ್ದನ್ನು ಆರಿಸುವುದು ನಮ್ಮವರ ಹುಟ್ಟುಗುಣ. ಬಂದ ತಾಪಾವನ್ನು ನಾಲ್ಕು ತುತ್ತಿಗೆ ಮುಗಿಸಿ ಮತ್ತೊಂದು ಹೇಳಿದರು. ಮತ್ತೆ ಮತ್ತೊಂದು.

"ರೀ, ಇಡೀದನ್ನೇ ಹೇಳಿದ್ದರೆ ಇಷ್ಟಕ್ಕೆ ಸೋವಿಯಾಗುತ್ತಿತ್ತು."

"ಬಿಸಿಬಿಸಿಯಾಗಿ ಬರುತ್ತದಲ್ಲ, ಸುಮ್ಮನಿರು."

ಸೆವಿಲ್‌ನ ಹಳೆಯ ಬಾರುಗಳಲ್ಲಿ ಲೆಕ್ಕವನ್ನು ಗಿರಾಕಿಯ ಎದುರಿನ ಮರದ ಕಟ್ಟೆಯ ಮೇಲೇ ಸೀಮೆಸುಣ್ಣದಲ್ಲಿ ಬರೆಯುವುದುಂಟು. ನಮ್ಮದೂ ಬೆಳೆಯುತ್ತಾ ಹೋಯಿತು. ಹೊಟ್ಟೆ ತುಂಬಿದ ಖುಷಿಗೆ ನಮ್ಮವರು ಕಟ್ಟೆಯ ಮೇಲೆ ಮೊಣಕೈ ಊರಿ ಆಕಳಿಸಿದರು. ಕೈಯೆತ್ತಿದಾಗ ನೋಡಿದರೆ ಲೆಕ್ಕವೆಲ್ಲ ಅವರ ನೀಲಿ ಅಂಗಿಯ ತೋಳಿಗೆ ವರ್ಗವಾಗಿತ್ತು. ಇವರು ಗಾಬರಿಯಿಂದ ತೋಳನ್ನೇ ಬಾರಿನವನ ಮುಂದೆ ಚಾಚಿದರು. ಅವನು ಅತ್ತ ತಿರುಗಿಯೂ ನೋಡದೆ, ಮೊದಲು ತಿಂದ ಆಲಿವ್‌ನಿಂದ ಹಿಡಿದು ಕೊನೆಯ ಪಾಲಕ್‌ವರೆಗೆ ಗಡಗಡನೆ ಒಪ್ಪಿಸಿದ. ಟೂನಾ ತಟ್ಟೆಯನ್ನು ಮಾತ್ರ ಬಿಟ್ಟಿದ್ದ, ಪುಣ್ಯಾತ್ಮ. ಹೊಸ ಲೆಕ್ಕ ಬರೆದದ್ದು ನನ್ನ ಮುಂದೆ.