ಮೈಸೂರಿನ ಗಂಟು, ಕೊಡಗಿನ ಮಳೆ

ಮೈಸೂರಿನಲ್ಲಿ ಮಳೆ ಸಾಮಾನ್ಯವಾಗಿ ಸಂಜೆ ಬಂದು, ಗುಡುಗಿ, ಕರೆಂಟು ತೆಗೆಸಿ, ರಾತ್ರಿ ಊಟದ ಹೊತ್ತಿಗೆ ಹೊರಟುಹೋಗುತ್ತದೆ; ಆದ್ದರಿಂದ ದಿನವಿಡೀ ಸುರಿಯುವ ಮಳೆಗೆ ಗಂಟು ಕಟ್ಟುವ ವಿದ್ಯೆ ನಮ್ಮ ಮನೆತನದಲ್ಲಿ ಯಾರಿಗೂ ಒಲಿದಿಲ್ಲ. ಒಲಿದಿಲ್ಲವೆಂದು ಒಪ್ಪಿಕೊಳ್ಳುವ ಪದ್ಧತಿಯೂ ನಮ್ಮಲ್ಲಿಲ್ಲ. ಸೆಪ್ಟೆಂಬರಿನಲ್ಲಿ ಗೆಳೆಯರೊಡನೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ, ಕಕ್ಕಬ್ಬೆಯಲ್ಲಿ ತಂಗುವುದೆಂದು ನಿಶ್ಚಯವಾದ ಕೂಡಲೇ ಕುವೆಂಪುನಗರದ ನಮ್ಮ ನಡುಮನೆಯಲ್ಲಿ ಸಲಹಾ ಸಮಿತಿಯೊಂದು ತಾನಾಗಿಯೇ ರಚನೆಯಾಯಿತು.

ಅಧ್ಯಕ್ಷತೆ ಅಮ್ಮನದು. ಅವರು ಮಂಚದ ಮೇಲೆ ಹರಡಿದ ಬನಿಯನ್ನು, ಜೀನ್ಸು, ಟರ್ಕಿ ಟವೆಲ್ಲು, ಲುಂಗಿ ಎಲ್ಲವೂ ಅಪ್ಪಟ ಹತ್ತಿ. ಒದ್ದೆಯಾದ ಹತ್ತಿ ಮೈಗಂಟಿಕೊಂಡು ದೇಹದ ಶಾಖವನ್ನು ಕಿತ್ತುಕೊಳ್ಳುತ್ತದೆ, ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದ ಮೇಲೂ ಒಂದಿಷ್ಟು ಬೆಚ್ಚಗಿಡುತ್ತದೆ ಎಂದು ನಾನು ವಿವರಿಸಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದರೆ ಆ ಶಿಖರ 1,748 ಮೀಟರ್ ಎತ್ತರದ್ದು, ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನೂ ಮುಂದಿಟ್ಟೆ. “ಆರೇ ಡಿಗ್ರಿಗೆ ಇಷ್ಟೊಂದು ಗಲಾಟೆಯೇ? ಫ್ರಿಜ್ಜಿನ ಬಾಗಿಲು ತೆಗೆದರೆ ಅದಕ್ಕಿಂತ ಹೆಚ್ಚು ಚಳಿ ಬರುತ್ತದೆ” ಎಂದ ಅಮ್ಮ, ಉಣ್ಣೆಯ ಪಾಲಿಗೆ ಒಂದು ಮಂಕಿ ಕ್ಯಾಪನ್ನು ಮಂಜೂರು ಮಾಡಿ ಚರ್ಚೆಯನ್ನು ಮುಗಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಬಂದರು. ಅವರ ತಂದೆ ಕಾಕನಕೋಟೆಯ ಕಾಡಿಗೆ ಶಿಕಾರಿಯವರ ಜೊತೆ ಹೋಗುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಗೆ ದಾರಿ ಮುಚ್ಚಿತೇ ಹೊರತು ಶಿಕಾರಿಯ ಕಥೆಗಳಿಗೆ ಯಾವ ಕಾಯ್ದೆಯೂ ಅಡ್ಡಬಂದಿಲ್ಲವಾದ್ದರಿಂದ, ಬೇಟೆಗೆ ಹೊರಡುವವನು ಏನೇನು ತೊಡಬೇಕೆಂಬುದನ್ನು ಅವರು ಎರಡು ಲೋಟ ಕಾಫಿ ಮುಗಿಯುವವರೆಗೆ ಹೇಳಿ, ಕೊನೆಗೆ ನುಸಿಗುಳಿಗೆಯ ವಾಸನೆ ಹೊಡೆಯುವ ಖಾಕಿ ಕಾಲುಪಟ್ಟಿಗಳ ಎರಡು ಸುರುಳಿಗಳನ್ನು ನನ್ನ ಕೈಗಿತ್ತರು. ಗೆಳೆಯರು ನನ್ನನ್ನು ಹಳೆಯ ಕಾಲದ ಪೊಲೀಸೆಂದು ನಕ್ಕದ್ದು ನಿಜ. ಆದರೆ ಜಿಗಣೆ ಬೂಟಿನ ಮೇಲಿಂದ ಸಂದು ಹುಡುಕುತ್ತ ಹತ್ತುವ ಪ್ರಾಣಿ. ಪಾದದ ಗೆಣ್ಣಿನಿಂದ ಮೊಣಕಾಲಿನವರೆಗೆ ಒಂದರ ಮೇಲೊಂದು ಸುತ್ತಿದ ಪಟ್ಟಿಯಲ್ಲಿ ಅದಕ್ಕೆ ಸಂದೇ ಸಿಗುವುದಿಲ್ಲ. ನಕ್ಕವರ ಕಾಲುಚೀಲಗಳೆಲ್ಲ ಬೆಟ್ಟದ ಅರ್ಧಕ್ಕೇ ಕೆಂಪಾಗಿದ್ದವು. ಜಿಗಣೆಯ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಅದು ಉದುರಿಹೋದ ಮೇಲೂ ಗಾಯ ಸೋರುತ್ತಲೇ ಇರುತ್ತದೆ. ನನ್ನ ಕಾಲು ಮೊಣಕಾಲಿನವರೆಗೆ ಸುರಕ್ಷಿತವಾಗಿತ್ತು. ಅದರ ಮೇಲಿನ ಸಂಗತಿಯನ್ನು ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಬರೆಯುವುದಿಲ್ಲ.

ದುಬಾರಿ ಬೆಲೆಯ ನನ್ನ ರೇನ್‌ಕೋಟಿನ ಬಗ್ಗೆ ಮಾತ್ರ ಬರೆಯಲೇಬೇಕು. ಅದು ಉಸಿರಾಡುವ ಬಟ್ಟೆಯದೆಂದು ಅಂಗಡಿಯವರು ಹೇಳಿದ್ದರು. ಒಳಗಿನ ಬೆವರಿನ ಹಬೆ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಸೆಪ್ಟೆಂಬರಿನ ಕೊಡಗಿನಲ್ಲಿ ಅಂಥ ಗಾಳಿಯನ್ನು ಎಲ್ಲಿಂದ ತರುವುದು? ಹೀಗಾಗಿ ನಾನು ಮಳೆಯಿಂದ ನೆನೆಯದೆ, ಕೋಟಿನೊಳಗೆ ಇಡ್ಲಿಯಂತೆ ಬೆಂದು, ನನ್ನದೇ ಬೆವರಿನಿಂದ ಸ್ವಾವಲಂಬಿಯಾಗಿ ನೆನೆದೆ. ಇನ್ನು ಬ್ಯಾಗಿಗೆ ತೊಡಿಸುವ ಮಳೆಹೊದಿಕೆ ಬ್ಯಾಗಿನ ಹೊರಮೈಯನ್ನಷ್ಟೇ ಮುಚ್ಚುತ್ತದೆ, ನಮ್ಮ ಬೆನ್ನಿಗೆ ತಾಗುವ ಬದಿಯನ್ನಲ್ಲ; ಕತ್ತಿನಿಂದ ಇಳಿದ ನೀರೆಲ್ಲ ನೇರವಾಗಿ ಅಲ್ಲಿಗೇ ಹೋಗುತ್ತದೆ. ಇದನ್ನು ತಿಳಿದೇ ನಾನು ರಾತ್ರಿ ತೊಡುವ ಒಣ ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದಿದ್ದೆ.

ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಹಲ್ಲು ಕಟಕಟಿಸುತ್ತ ಬ್ಯಾಗು ಬಿಚ್ಚಿದಾಗ ಬಟ್ಟೆಗಳು ಸಮಾರಂಭವೊಂದರಲ್ಲಿ ತಾಂಬೂಲದ ಜೊತೆ ಬಂದ ಬಟ್ಟೆಚೀಲದಲ್ಲಿದ್ದವು, ಹಿಂಡಿದರೆ ಬಕೆಟ್ಟು ತುಂಬುವಂತಿದ್ದವು. ಪ್ಲಾಸ್ಟಿಕ್ ಚೀಲವೂ ಇತ್ತು, ಅದರೊಳಗೆ ಕೋಡುಬಳೆಯಿತ್ತು. ಫೋನು ಮಾಡಿದರೆ ಅಮ್ಮ, “ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬಟ್ಟೆ ಮುಗ್ಗಲು ವಾಸನೆ ಬರುತ್ತದೆ, ಅದಕ್ಕೇ ತೆಗೆದೆ. ಕೋಡುಬಳೆ ಮೆತ್ತಗಾಗಿಲ್ಲ ತಾನೆ?” ಎಂದರು. ಆಗಿರಲಿಲ್ಲ, ಕಡಿದರೆ ಪಕ್ಕದ ಕೋಣೆಗೆ ಕೇಳಿಸುವಷ್ಟು ಗರಿಗರಿಯಾಗಿತ್ತು. ಮನೆಯ ಯಜಮಾನರು ಕರುಣೆಯಿಂದ ಕೊಟ್ಟ ಕರಿ ಕಂಬಳಿಯನ್ನು ಬರಿಮೈಗೆ ಸುತ್ತಿಕೊಂಡು, ರಾತ್ರಿಯೆಲ್ಲ ಕೆರೆದುಕೊಳ್ಳುತ್ತ, ಆದರೆ ನಿಜಕ್ಕೂ ಬೆಚ್ಚಗೆ ಮಲಗಿದೆ.

ಬೆಳಿಗ್ಗೆ ಅದೇ ಒದ್ದೆ ಬಟ್ಟೆ ತೊಟ್ಟು ವಿರಾಜಪೇಟೆಯಿಂದ ಮೈಸೂರಿನ ಬಸ್ಸು ಹತ್ತಿದೆ. ಕುರಿ, ನುಸಿಗುಳಿಗೆ, ಮುಗ್ಗಲು ಮೂರೂ ಸೇರಿದ ವಾಸನೆಗೆ ಪಕ್ಕದ ಸೀಟು ಹುಣಸೂರಿನವರೆಗೂ ಖಾಲಿಯೇ ಉಳಿಯಿತು. ಅಲ್ಲಿ ಬಸ್ಸು ತುಂಬಿತು. ಸೀಟಿಗಾಗಿ ಕರವಸ್ತ್ರ ಎಸೆದಿದ್ದ ಒಬ್ಬರು ಹತ್ತಿರ ಬಂದು, ಅದನ್ನು ಎತ್ತಿ ಮೂಗಿಗೆ ಹಿಡಿದುಕೊಂಡು, ಮೈಸೂರಿನವರೆಗೂ ನಿಂತೇ ಬಂದರು.