ಓದದೆ ಓದುವುದು ಹೇಗೆ?

ನನ್ನ ತಂಗಿಯ ಮಗಳು ಎರಡನೇ ಪಿಯುಸಿ. ಲಾಯರ್ ಆಗ್ತಾಳಂತೆ. ಮನೆ ನಾಗರಬಾವಿಯಲ್ಲಿ, ಲಾ ಸ್ಕೂಲ್ ಗೇಟಿಗೆ ಹತ್ತು ನಿಮಿಷದ ನಡಿಗೆ. ಆದರೆ ಆ ಗೇಟು ದಾಟಬೇಕಾದರೆ ಮೊದಲು ಕ್ಲಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆ ದಾಟಬೇಕು. ಎರಡು ಗಂಟೆ, 120 ಪ್ರಶ್ನೆ. 2020ರಿಂದ ಈಚೆಗೆ ಅದರಲ್ಲಿ ಎಲ್ಲವೂ ಪ್ಯಾಸೇಜ್, ಅಂದರೆ ಓದಲು ಒಂದು ಬರಹದ ತುಣುಕು, ಅದರ ಕೆಳಗೆ ಪ್ರಶ್ನೆಗಳು. ಇಂಗ್ಲಿಷ್‌ಗೆ ಪ್ಯಾಸೇಜ್, ಕಾನೂನಿಗೆ ಪ್ಯಾಸೇಜ್, ತರ್ಕಕ್ಕೆ ಪ್ಯಾಸೇಜ್. ಶೇಕಡಾವಾರು ಲೆಕ್ಕಕ್ಕೂ ಒಂದು ಪ್ಯಾಸೇಜ್! ಮಕ್ಕಳು ಉರು ಹೊಡೆಯುವುದು ಬೇಡ, ಓದಿ ಅರ್ಥ ಮಾಡಿಕೊಳ್ಳಲಿ ಎಂಬ ಒಳ್ಳೆಯ ಉದ್ದೇಶ.

ಓದುವುದನ್ನು ಕಲಿಯಲು ಅವಳನ್ನು ಕೋಚಿಂಗ್‌ಗೆ ಸೇರಿಸಿದರು. ಅಲ್ಲಿ ಮೊದಲ ವಾರವೇ ಹೇಳಿಕೊಟ್ಟ ಪಾಠ: ಪ್ಯಾಸೇಜ್ ಓದಬೇಡಿ.

"ಮೊದಲು ಪ್ರಶ್ನೆ ನೋಡ್ಬೇಕು ಮಾವ. ಆಮೇಲೆ ಪ್ರತಿ ಪ್ಯಾರಾದ ಮೊದಲ ಸಾಲು, ಕೊನೆ ಸಾಲು. ಮಧ್ಯದಲ್ಲಿರೋದು ಬರೀ ವಿವರಣೆ."

"ವಿಷಯ ಮಧ್ಯದಲ್ಲೇ ಇದ್ರೆ ಏನೇ ಮಾಡ್ತೀಯ?"

"ಟೈಮ್ ಉಳಿದ್ರೆ ನೋಡೋದು."

ಉತ್ತರ ಆರಿಸುವುದಕ್ಕೂ ಮದ್ದುಂಟು. ‘ಯಾವಾಗಲೂ’, ‘ಎಂದಿಗೂ’, ‘ಯಾವ ಕಾರಣಕ್ಕೂ’ ಎಂಬಂಥ ಅತಿ ಮಾತು ಕಂಡರೆ ಆ ಆಯ್ಕೆಯನ್ನು ಹೊಡೆದುಹಾಕಬೇಕಂತೆ. ಲೇಖಕರ ಧೋರಣೆ ಏನು ಅಂತ ಕೇಳಿದರೆ ‘ವಿಮರ್ಶಾತ್ಮಕ, ಆದರೆ ಆಶಾದಾಯಕ’ ಎಂಬುದನ್ನು ಹುಡುಕಿ ಗುರುತು ಹಾಕಬೇಕು. ಈ ಲೋಕದಲ್ಲಿ ಯಾರೂ ಸಿಟ್ಟು ಬಂದು ಬರೆಯುವುದೇ ಇಲ್ಲವಾ ಎಂದೆ. "ಸಿಟ್ಟು ಆಪ್ಷನ್ ‘ಡಿ’ಯಲ್ಲಿ ಇರುತ್ತೆ ಮಾವ. ಅದು ತಪ್ಪು."

ನಮ್ಮ ಅಜ್ಜ ಗಮಕ ಕೇಳಲು ಹೋಗುತ್ತಿದ್ದರು. ಆರು ಸಾಲಿನ ಒಂದು ಷಟ್ಪದಿಗೆ ಅರ್ಧ ಗಂಟೆ. ವಾಚನ ಮಾಡುವವರು ಹಾಡಬೇಕು, ವ್ಯಾಖ್ಯಾನ ಮಾಡುವವರು ಬಿಡಿಸಬೇಕು, ಅಜ್ಜ ತಲೆದೂಗಬೇಕು. ಮನೆಗೆ ಬಂದ ಮೇಲೂ ಊಟದ ಎಲೆಯ ಮುಂದೆ ಅದೇ ಪದ್ಯ. ಕ್ಲಾಟ್‌ನವರ ಲೆಕ್ಕದಲ್ಲಿ ಪ್ರಶ್ನೆಗೆ ಒಂದು ನಿಮಿಷ. ಆ ಮನುಷ್ಯ ಸಂಜೆಯೆಲ್ಲಾ ಕೂತಿದ್ದರೂ ಎರಡಂಕಿ ಮುಟ್ಟುತ್ತಿರಲಿಲ್ಲ.

ಪರೀಕ್ಷೆಯ ನಿಯಮ ಇನ್ನೂ ಚೆಂದ. ಕಾನೂನಿನ ವಿಭಾಗದಲ್ಲಿ ಕಾನೂನು ಗೊತ್ತಿರಬೇಕಿಲ್ಲ. ಪ್ಯಾಸೇಜ್‌ನಲ್ಲಿ ಕೊಟ್ಟ ನಿಯಮವೇ ವೇದ. ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರಬೇಕು. ಪುಟ ತಿರುಗಿಸಿ ಪ್ರಚಲಿತ ವಿದ್ಯಮಾನಕ್ಕೆ ಬಂದರೆ ಅಲ್ಲೂ ಉದ್ದದ ಪ್ಯಾಸೇಜ್. ಆದರೆ ಎಷ್ಟೋ ಪ್ರಶ್ನೆಗೆ ಉತ್ತರ ಅದರೊಳಗೆ ಇರುವುದೇ ಇಲ್ಲ! ಯಾವುದೋ ಒಪ್ಪಂದದ ಬಗ್ಗೆ ಪುಟ ತುಂಬಾ ಬರೆದು, ಅದಕ್ಕೆ ಸಹಿ ಹಾಕಿದ ವರ್ಷ ಯಾವುದು ಅಂತ ಕೇಳಿದ ಹಾಗೆ. ಗೊತ್ತಿದ್ದವರಿಗೆ ಪ್ಯಾಸೇಜ್ ಬೇಡ, ಗೊತ್ತಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ. ಮತ್ಯಾಕೆ ಕೊಟ್ಟರು? ಮದುವೆ ಮನೆಯ ಬಾಗಿಲಲ್ಲಿ ನಿಲ್ಲಿಸುವ ಬಾಳೆಕಂಬದ ಹಾಗೆ, ಶೋಭೆಗೆ.

ಪ್ರಶ್ನೆ ಕೇಳಿದವರಿಗಾದರೂ ಉತ್ತರ ಗೊತ್ತಿರುತ್ತದೆ ಅಂದುಕೊಂಡಿದ್ದೆ. 2025ರ ಪ್ರವೇಶಕ್ಕೆ ಕ್ಲಾಟ್ ನಡೆದದ್ದು 2024ರ ಡಿಸೆಂಬರ್ 1ಕ್ಕೆ. ಕೀ ಉತ್ತರವೇ ತಪ್ಪು ಎಂದು ಮಕ್ಕಳು ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದೇ ತಿಂಗಳು ಎರಡು ಪ್ರಶ್ನೆಗಳಲ್ಲಿ ತಪ್ಪಿದೆ ಎಂದಿತು. ಆಮೇಲೆ ವಿಭಾಗೀಯ ಪೀಠ. ಆಮೇಲೆ ಸುಪ್ರೀಂ ಕೋರ್ಟ್. ಅಷ್ಟರಲ್ಲಿ ಮೇ ತಿಂಗಳು ಬಂದಿತ್ತು. ಹದಿನೇಳರ ಮಗು ಒಂದು ನಿಮಿಷದಲ್ಲಿ ಬಿಡಿಸಬೇಕಾದದ್ದನ್ನು ಕರಿ ಕೋಟಿನವರೆಲ್ಲ ಸೇರಿ ಬಿಡಿಸಲು ಐದು ತಿಂಗಳು! ತಪ್ಪು ಬರೆದರೆ ಮಕ್ಕಳಿಗೆ ಕಾಲು ಅಂಕ ಕಡಿತ. ಕೀ ಉತ್ತರ ತಪ್ಪಾದರೆ ಅದನ್ನು ಬರೆದವರಿಗೆ ಎಷ್ಟು ಕಡಿತವೋ, ಆ ನಿಯಮ ಮಾತ್ರ ನನಗೆಲ್ಲೂ ಕಾಣಲಿಲ್ಲ.

ಮನೆಗೆ ಈಗ ಇಂಗ್ಲಿಷ್ ಪೇಪರ್ ಬರುತ್ತದೆ. ಅಪ್ಪ ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ, ಮಗಳು ಸಂಪಾದಕೀಯ ಓದುತ್ತಾಳೆ. ಮೊನ್ನೆ ಬೆಂಗಳೂರಿನ ನೀರಿನ ಸಮಸ್ಯೆಯನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದಳು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತಂತೆ ಅಂತ ಅವಳ ಅಮ್ಮ ಒಳಗಿನಿಂದ ಕೂಗಿ ಕೇಳಿದಳು.

"ವಿಮರ್ಶಾತ್ಮಕ, ಆದರೆ ಆಶಾದಾಯಕ ಅಮ್ಮ."

ಹೋದ ವಾರ ಇನ್ನೊಂದು ಕಥೆ. ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಿಬರುವುದು ಸಾಕಾಗಿ, ಕೋಚಿಂಗ್ ಬಿಡಿಸಿ ಮನೆಯಲ್ಲೇ ಓದಿಸೋಣ ಎಂದು ಅಪ್ಪ, ಮಗಳು ಹೊರಟರು. ದುಡ್ಡು ವಾಪಸ್ ಕೇಳಿದರೆ ಕೌಂಟರಿನ ಹುಡುಗ ಇವರೇ ಸಹಿ ಹಾಕಿದ್ದ ಫಾರ್ಮ್ ತೆಗೆದು ತೋರಿಸಿದ. ಎರಡನೇ ಪುಟ, ಮೂರನೇ ಪ್ಯಾರಾ, ಸರಿಯಾಗಿ ನಟ್ಟನಡುವೆ: ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ವಾಪಸ್ ಕೊಡುವುದಿಲ್ಲ.

ಸೇರಿಸಿದ ದಿನ ಪೋಷಕರಿಗೂ ಒಂದು ಗಂಟೆ ತರಬೇತಿ ಕೊಟ್ಟಿದ್ದರು. ಅಪ್ಪ ಅದನ್ನು ಚೆನ್ನಾಗಿ ಕಲಿತಿದ್ದರು. ಪ್ರತಿ ಪ್ಯಾರಾದ ಮೊದಲ ಸಾಲು, ಕೊನೆ ಸಾಲು ಓದಿಯೇ ಸಹಿ ಹಾಕಿದ್ದರು.

ಮಗಳು ಫಾರ್ಮಿಗೆ ಬಗ್ಗಿ ನೋಡಿದಳು. "‘ಯಾವ ಕಾರಣಕ್ಕೂ’ ಅಂತಿದೆ ಅಪ್ಪ. ಅತಿ ಮಾತು. ಇದನ್ನ ಹೊಡೆದುಹಾಕ್ಬೇಕು" ಅಂದಳು.

ಕೌಂಟರಿನ ಹುಡುಗ ಒಪ್ಪಲಿಲ್ಲ.