ಆರ್ ಕೈಕೊಟ್ಟರೆ ಅನ್‌ಇನ್‌ಸ್ಟಾಲ್ ಮದ್ದಲ್ಲ

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಹತ್ತಿರ ಬಂತೆಂದರೆ ನನ್ನ ವಾಟ್ಸ್ಆ್ಯಪ್ ತುಂಬಾ ಓರೆಯಾಗಿ ತೆಗೆದ ಲ್ಯಾಪ್‌ಟಾಪ್ ಪರದೆಯ ಫೋಟೋಗಳು. ಹಾಸನದಿಂದ, ಮೂಡಿಗೆರೆಯಿಂದ, ಇಲ್ಲೇ ಚಿಕ್ಕಮಗಳೂರಿನ ಹಾಸ್ಟೆಲ್‌ಗಳಿಂದ. ಜೊತೆಗೆ ಒಂದು ಸಾಲು: "ಸರ್, ಆರ್ ವರ್ಕ್ ಆಗ್ತಿಲ್ಲ. ತೆಗೆದು ಮತ್ತೆ ಹಾಕಿದೆ, ಆದ್ರೂ ಆಗ್ತಿಲ್ಲ." ಆರ್ ಅಂದರೆ ಅಂಕಿಅಂಶ ಲೆಕ್ಕ ಹಾಕಿ ಗ್ರಾಫ್ ಬಿಡಿಸುವ ಪ್ರೋಗ್ರಾಮಿಂಗ್ ಭಾಷೆ. ಫೋಟೋದಲ್ಲಿ ಕೆಂಪು ಅಕ್ಷರದ ಎರರ್‌ನ ಮೊದಲ ಸಾಲು ಮಾತ್ರ ಕಟ್ ಆಗಿರುತ್ತದೆ. ನನಗೆ ಬೇಕಾಗಿರುವುದೇ ಅದು.

ನೇರವಾಗಿ ಹೇಳುತ್ತೇನೆ. ಎರರ್ ಓದುವುದನ್ನು ಈ ಮಕ್ಕಳಿಗೆ ಯಾರೂ ಕಲಿಸಿಲ್ಲ. ಲ್ಯಾಬ್‌ನಲ್ಲಿ ಸರಿಯಾಗಿ ಓಡುವ ಕೋಡನ್ನೇ ಕೊಡುತ್ತಾರೆ. ಓಡಿಸಿ, ಪ್ರಿಂಟ್ ತೆಗೆದು, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದರೆ ಕೆಲಸ ಮುಗಿಯಿತು. ಬೇಕಂತಲೇ ಕೆಡಿಸಿದ ಕೋಡ್ ಕೊಟ್ಟು "ಇದನ್ನ ಸರಿ ಮಾಡಮ್ಮಾ" ಎಂದ ಲ್ಯಾಬ್ ನಾನಂತೂ ನೋಡಿಲ್ಲ. ಹಾಗಾಗಿ ಎಲ್ಲ ರೋಗಕ್ಕೂ ಅನ್‌ಇನ್‌ಸ್ಟಾಲ್ ಒಂದೇ ಔಷಧಿ.

ಪ್ಯಾಕೇಜ್‌ನಿಂದ ಶುರು ಮಾಡೋಣ, ಕಣ್ಣೀರು ಜಾಸ್ತಿ ಅಲ್ಲೇ. ಫಂಕ್ಷನ್ ಅಂದರೆ ಒಂದು ಕೆಲಸ ಮಾಡಿಸುವ ಆಜ್ಞೆ, ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ ಅಂಥ ಫಂಕ್ಷನ್‌ಗಳ ಕಟ್ಟು. ಇನ್‌ಸ್ಟಾಲ್ ಮಾಡುವುದು ಮಿಕ್ಸಿ ಕೊಂಡು ತಂದ ಹಾಗೆ, ಒಂದು ಸಲ ಸಾಕು. ಲೈಬ್ರರಿ ಅಂತ ಬರೆಯುವುದು ಪ್ಲಗ್ ಹಾಕಿದ ಹಾಗೆ, ಆರ್ ತೆರೆದಾಗಲೆಲ್ಲ ಬೇಕು. "ಕುಡ್ ನಾಟ್ ಫೈಂಡ್ ಫಂಕ್ಷನ್" ಎಂದು ಬಂದರೆ ಸಾಮಾನ್ಯವಾಗಿ ಪ್ಲಗ್ ಹಾಕಿಲ್ಲ, ಇಲ್ಲವೇ ಸ್ಪೆಲಿಂಗ್ ತಪ್ಪಿದೆ. "ದೇರ್ ಈಸ್ ನೋ ಪ್ಯಾಕೇಜ್ ಕಾಲ್ಡ್" ಎಂದು ಬಂದರೆ ಆರ್ ಹುಡುಕಿದ ಜಾಗದಲ್ಲಿ ಮಿಕ್ಸಿಯೇ ಇಲ್ಲ. ಎರಡೂ ಬೇರೆ ಬೇರೆ ಸಮಸ್ಯೆ. ಆರ್ ಅನ್ನೇ ಕಿತ್ತು ಮತ್ತೆ ಹಾಕುವುದರಿಂದ ಎರಡೂ ಹೋಗುವುದಿಲ್ಲ.

ಹೊಸದು ಹಾಕಿದರೆ ಇನ್ನೊಂದು ತಮಾಷೆ. ವಿಂಡೋಸ್‌ನಲ್ಲಿ ನಿಮ್ಮ ಪ್ಯಾಕೇಜ್‌ಗಳು ಕೂರುವ ಫೋಲ್ಡರ್‌ಗೆ ಆರ್ ವರ್ಷನ್‌ನ ಹೆಸರೇ ಇರುತ್ತದೆ. 4.2 ಇದ್ದವರು 4.3 ಹಾಕಿದರೆ ಹೊಸ ಫೋಲ್ಡರ್, ಒಳಗೆ ಖಾಲಿ. ಹಳೆಯವು ಎಲ್ಲೂ ಹೋಗಿಲ್ಲ, ಪಕ್ಕದ ಫೋಲ್ಡರ್‌ನಲ್ಲೇ ಇವೆ. ಆದರೆ "ಎಲ್ಲಾ ಡಿಲೀಟ್ ಆಯ್ತು ಸರ್" ಅಂತ ಅಳು. ಬೇಕಾದ ಪ್ಯಾಕೇಜ್‌ಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಂಡರೆ ಆಯಿತು. ಅಂದಹಾಗೆ, ಪ್ಯಾಕೇಜ್ ಬೇರೆ ಆರ್ ವರ್ಷನ್‌ನಲ್ಲಿ ತಯಾರಾಗಿದೆ ಎಂದು ಬರುವುದು ಬರೀ ವಾರ್ನಿಂಗ್. ಅದಕ್ಕೆ ಹೆದರಬೇಡಿ, ಬಹಳ ಸಲ ಕೆಲಸ ನಡೆಯುತ್ತದೆ.

ಇನ್‌ಸ್ಟಾಲ್ ಮಾಡುವಾಗ "ಸೋರ್ಸ್‌ನಿಂದ ಕಂಪೈಲ್ ಮಾಡಲಾ?" ಎಂದು ಕೆಲವೊಮ್ಮೆ ಕೇಳುತ್ತದೆ, ಅಂದರೆ ಮೂಲ ಕೋಡ್‌ನಿಂದ ನಿಮ್ಮ ಯಂತ್ರದಲ್ಲೇ ತಯಾರಿಸಲಾ ಅಂತ. ನಮ್ಮವರು ಏನು ಕೇಳಿದರೂ ಯೆಸ್. ಹಾಗೆ ತಯಾರಿಸಲು ಬೇಕಾದ ಆರ್‌ಟೂಲ್ಸ್ ಹಾಕದ ವಿಂಡೋಸ್ ಯಂತ್ರದಲ್ಲಿ ಯೆಸ್ ಅಂದರೆ ಪರದೆ ತುಂಬಾ ಕೆಂಪು. ನೋ ಅನ್ನಿ. ಒಂದು ಮೆಟ್ಟಿಲು ಹಳೆಯದಾದರೂ ಸಿದ್ಧವಾಗಿರುವ ಪ್ಯಾಕೇಜ್ ಬರುತ್ತದೆ, ನಿಮ್ಮ ರಿಪೋರ್ಟ್‌ಗೆ ಅದು ಧಾರಾಳ. ಆರ್‌ಲ್ಯಾಂಗ್ ಥರದ, ಬೇರೆ ಪ್ಯಾಕೇಜ್‌ಗಳು ನೆಚ್ಚಿಕೊಂಡ ಪ್ಯಾಕೇಜ್ ಹಳೆಯ ವರ್ಷನ್‌ನಲ್ಲಿ ಆಗಲೇ ಲೋಡ್ ಆಗಿದೆ, ಹೊಸದು ಬೇಕು ಎಂದು ಆರ್ ಹೇಳಿದರೆ ತೆರೆದಿರುವ ಆರ್ ಎಲ್ಲ ಮುಚ್ಚಿ. ಮತ್ತೆ ತೆರೆದು, ಯಾವ ಲೈಬ್ರರಿಯನ್ನೂ ಕರೆಯುವ ಮೊದಲು ಇನ್‌ಸ್ಟಾಲ್ ಮಾಡಿ.

ಕೆಲವು ಎರರ್ ದಾರಿ ತಪ್ಪಿಸುತ್ತವೆ, ಒಪ್ಪುತ್ತೇನೆ. ಡೇಟಾ ಸೋಸುವ ಡಿಪ್ಲೈಆರ್ ಪ್ಯಾಕೇಜ್ ಕರೆಯುವುದನ್ನು ಮರೆತು ಅದರ ಫಿಲ್ಟರ್ ಫಂಕ್ಷನ್ ಬರೆದರೆ ಫಂಕ್ಷನ್ ಸಿಗಲಿಲ್ಲ ಎಂದು ಬರುವುದಿಲ್ಲ. ಯಾಕೆಂದರೆ ಆರ್ ಜೊತೆಗೇ ಬರುವ ಸ್ಟ್ಯಾಟ್ಸ್ ಪ್ಯಾಕೇಜ್‌ನಲ್ಲಿ ಅದೇ ಹೆಸರಿನ ಬೇರೊಂದು ಫಿಲ್ಟರ್ ಇದೆ. ಅದು ನಿಮ್ಮ ಕಾಲಂ ಹೆಸರು ಹಿಡಿದು "ಆಬ್ಜೆಕ್ಟ್ ನಾಟ್ ಫೌಂಡ್" ಅನ್ನುತ್ತದೆ. ನೀವು ಎಕ್ಸೆಲ್ ಶೀಟ್‌ನಲ್ಲಿ ಆ ಕಾಲಂ ಹುಡುಕುತ್ತಾ ರಾತ್ರಿ ಕಳೆಯುತ್ತೀರಿ. 20 ಸಾವಿರಕ್ಕೂ ಜಾಸ್ತಿ ಪ್ಯಾಕೇಜ್‌ಗಳನ್ನು ಯಾರ‍್ಯಾರೋ ಎಲ್ಲೆಲ್ಲೋ ಕೂತು ಬರೆದಿರುವಾಗ ಹೆಸರು ಒಂದೇ ಆಗುವುದು ಸಹಜ ಅಲ್ವಾ? ಫಂಕ್ಷನ್ ಹೆಸರಿಗಿಂತ ಮೊದಲು ಪ್ಯಾಕೇಜ್ ಹೆಸರು, ನಡುವೆ ಎರಡು ಕೋಲನ್ ಹಾಕಿ ಬರೆದರೆ ಈ ಜಗಳವೇ ಇಲ್ಲ.

ಈಗ ಗ್ರಾಫ್. ನಮ್ಮ ಕಡೆ ಎಸ್ಟೇಟ್‌ಗಳಲ್ಲಿ ಮಳೆ ಲೆಕ್ಕ ಬರೆದಿಡುವ ಅಭ್ಯಾಸ ನಿಮಗೆ ಗೊತ್ತೇ ಇದೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ. ಆ ಪುಸ್ತಕದಿಂದ ನಕ್ಷತ್ರವಾರು ಮಳೆಯ ಗ್ರಾಫ್ ಮಾಡಲು ಹೊರಟ ಹುಡುಗಿಯೊಬ್ಬಳ ಕೋಡ್ ಮೊನ್ನೆ ಬಂತು. ಗೆರೆ ಎಳೆಯಬೇಕಾದಲ್ಲಿ ಬರೀ ಖಾಲಿ ಚೌಕ. ಕೆಳಗೆ ಗ್ರಾಫ್ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್ ಸ್ಪಷ್ಟವಾಗಿ ಹೇಳಿತ್ತು: ಪ್ರತಿ ಗುಂಪಿನಲ್ಲೂ ಒಂದೇ ಅಳತೆ ಇದೆ, ಗ್ರೂಪ್ ಬದಲಾಯಿಸಬೇಕಾ ನೋಡಿ. ನಕ್ಷತ್ರದ ಹೆಸರು ಪದ, ಸಂಖ್ಯೆಯಲ್ಲ. ಅದಕ್ಕೇ ಒಂದೊಂದು ನಕ್ಷತ್ರವನ್ನೂ ಬೇರೆ ಗುಂಪು ಅಂದುಕೊಂಡಿತ್ತು. ಒಂದೇ ಚುಕ್ಕಿಯಿಂದ ಗೆರೆ ಹೇಗೆ ಬರುತ್ತದೆ? ಗ್ರೂಪ್ ಈಕ್ವಲ್ಸ್ 1 ಅಂತ ಸೇರಿಸಿದೆವು, ಗೆರೆ ಬಂತು.

ಬಂದ ಗೆರೆ ನೋಡಿ ಅವಳ ದೊಡ್ಡಪ್ಪ ನಕ್ಕರಂತೆ. ಅಶ್ವಿನಿ ಆದ ಮೇಲೆ ಆರಿದ್ರಾ, ಆಮೇಲೆ ಆಶ್ಲೇಷ, ಮುಂದೆಲ್ಲೋ ಕೃತ್ತಿಕೆ! ಆರ್‌ಗೆ ಪಂಚಾಂಗ ಗೊತ್ತಿಲ್ಲ, ಅಕ್ಷರಮಾಲೆ ಅಷ್ಟೇ ಗೊತ್ತು. ಇಂಗ್ಲಿಷ್ ತಿಂಗಳುಗಳಲ್ಲೂ ಹೀಗೇ, ಏಪ್ರಿಲ್ ಮೊದಲು ಬರುತ್ತದೆ. ಹೆಸರುಗಳನ್ನು ಫ್ಯಾಕ್ಟರ್ (ಗೊತ್ತಾದ ಕ್ರಮವಿರುವ ವರ್ಗಗಳು) ಮಾಡಿ, ಲೆವೆಲ್ಸ್‌ನಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಕ್ರಮವಾಗಿ ನಾವೇ ಬರೆದು ಕೊಡಬೇಕು.

ಆಮೇಲೆ ಪಿಡಿಎಫ್. ಕನ್ನಡ ಹೆಸರುಗಳಿದ್ದ ಕಡೆಯೆಲ್ಲ ಚುಕ್ಕಿ ಸಾಲು, ಜೊತೆಗೆ "ಡಾಟ್ ಸಬ್‌ಸ್ಟಿಟ್ಯೂಟೆಡ್" ಎಂಬ ವಾರ್ನಿಂಗ್ ಸುರಿಮಳೆ. ಆರ್‌ನ ಮಾಮೂಲಿ ಪಿಡಿಎಫ್ ಒಂದು ಬೈಟ್‌ಗೆ ಒಂದು ಅಕ್ಷರ ಎಂಬ ಹಳೆಯ ಲೆಕ್ಕದ್ದು. ಈಗ ಬಳಸುವ ಯುಟಿಎಫ್-8 ಅಕ್ಷರ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಥ ಕಡೆ "ಕನ್ನಡ ಬೇಡ ಬಿಡಮ್ಮಾ, ಇಂಗ್ಲಿಷ್‌ನಲ್ಲೇ ಹಾಕು" ಎನ್ನುವ ಗೈಡ್‌ಗಳ ಮೇಲೆ ನನಗೆ ಸಿಟ್ಟಿದೆ. ರ್ಯಾಗ್ ಎಂಬ ಪ್ಯಾಕೇಜ್ ಹಾಕಿಕೊಂಡು ಪಿಎನ್‌ಜಿಗೆ ಸೇವ್ ಮಾಡಿ. ಫಾಂಟ್ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಕೊಡಿ. ಕೃತ್ತಿಕೆಯ ಒತ್ತೂ ಪುಷ್ಯದ ಒತ್ತೂ ಜಾಗದಲ್ಲೇ ಕೂರುತ್ತವೆ. ಮಳೆ ಲೆಕ್ಕ ಬರೆದವರೇ ಓದಲಾಗದ ಗ್ರಾಫ್ ಯಾರಿಗೆ ಬೇಕು?

ಮಿಕ್ಕ ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಜಿಜಿಪ್ಲಾಟ್‌ನ ಭಾಗಗಳನ್ನು ಜೋಡಿಸುವ ಪ್ಲಸ್ ಚಿಹ್ನೆ ಸಾಲಿನ ಕೊನೆಯಲ್ಲಿರಬೇಕು, ಮುಂದಿನ ಸಾಲಿನ ಮೊದಲಲ್ಲಲ್ಲ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಒಳಗೆ ಜಿಜಿಪ್ಲಾಟ್ ಕಾಣಬೇಕಾದರೆ ಪ್ರಿಂಟ್ ಅನ್ನಬೇಕು. "ಫಿಗರ್ ಮಾರ್ಜಿನ್ಸ್ ಟೂ ಲಾರ್ಜ್" ಅಂದರೆ ಮೊದಲು ಪ್ಲಾಟ್ ಕಿಟಕಿಯನ್ನು ಎಳೆದು ದೊಡ್ಡದು ಮಾಡಿ ನೋಡಿ. ಪ್ರಿಂಟ್‌ನಲ್ಲಿ ಗ್ರಾಫ್ ಮಸುಕಾದರೆ ಪ್ರಿಂಟರ್ ಬೈಯಬೇಡಿ, ಆರ್‌ನ ಪಿಎನ್‌ಜಿ ತಾನಾಗಿ ಕೊಡುವುದೇ 480 ಪಿಕ್ಸೆಲ್.

ನನಗೆ ನಿಜವಾಗಿ ಭಯ ಇರುವುದು ಎರರ್ ಕೊಡದ ತಪ್ಪುಗಳ ಬಗ್ಗೆ. ಕೆಲವರ ಮಳೆ ಪುಸ್ತಕದಲ್ಲಿ ಒಂದು ಇಂಚು ಐವತ್ತು ಸೆಂಟನ್ನು 1-50 ಎಂದು ಬರೆದಿರುತ್ತಾರೆ. ಅದನ್ನು ಹಾಗೇ ಎಕ್ಸೆಲ್‌ಗೆ ಹೊಡೆದರೆ 1950ರ ಜನವರಿ ಆಗುತ್ತದೆ! ಮಳೆ ಇಲ್ಲದ ದಿನಕ್ಕೆ "ನಿಲ್" ಎಂದು ಬರೆದರೆ ಇಡೀ ಕಾಲಂ ಪದಗಳ ಕಾಲಂ. ಆಗ ಗ್ರಾಫ್‌ನಲ್ಲಿ 10.20 ಕೆಳಗೆ, 2.50 ಮೇಲೆ. 2020ರಲ್ಲಿ ಆರ್ 4.0 ಬರುವವರೆಗೆ ಇಂಥ ಕಾಲಂ ತಾನಾಗಿ ಫ್ಯಾಕ್ಟರ್ ಆಗುತ್ತಿತ್ತು, ಅದನ್ನು ಸುಮ್ನೆ ಸಂಖ್ಯೆಗೆ ತಿರುಗಿಸಿದರೆ ಮಳೆಯ ಬದಲು ಕ್ರಮಸಂಖ್ಯೆ ಬರುತ್ತಿತ್ತು. ಆ ಕಾಲದ ನೋಟ್ಸ್ ಇನ್ನೂ ಜೆರಾಕ್ಸ್ ಆಗುತ್ತಲೇ ಇವೆ. ಇನ್ನು ಸಕಲೇಶಪುರ, ಅರಸೀಕೆರೆ ಎರಡರ ಮಳೆಯನ್ನೂ ಅಕ್ಕಪಕ್ಕ ಇಟ್ಟು ಸ್ಕೇಲ್ ಫ್ರೀ ಬಿಟ್ಟರೆ, ಅಂದರೆ ಒಂದೊಂದು ಗ್ರಾಫ್‌ಗೂ ಅದರದೇ ಅಳತೆ ಕೊಟ್ಟರೆ, ಎರಡೂ ಊರಲ್ಲಿ ಒಂದೇ ಸಮ ಮಳೆ ಸುರಿದಂತೆ ಕಾಣುತ್ತದೆ. ಕೆಂಪು ಅಕ್ಷರ ಒಂದೂ ಬರಲಿಲ್ಲ, ಗ್ರಾಫ್ ಚಂದ ಇದೆ, ಗೈಡ್ ಸಹಿ ಹಾಕಿದರು. ಘಟ್ಟದ ಅಂಚಿಗೂ ಬಯಲುಸೀಮೆಗೂ ವ್ಯತ್ಯಾಸವೇ ಇಲ್ಲ!

ಇಂಗ್ಲಿಷ್ ಅರ್ಥ ಆಗಲ್ಲ ಎನ್ನುವವರಿಗೆ: ಆರ್‌ನ ಎರರ್‌ಗಳು ಸುತ್ತಿ ಸುತ್ತಿ ಅದೇ ಕೆಲವು ವಾಕ್ಯಗಳು. ಕನ್ನಡ ಮಾಧ್ಯಮದ ಮಕ್ಕಳು ಅದಕ್ಕಿಂತ ಕಷ್ಟದ್ದನ್ನು ಪಿಯುಸಿಯಲ್ಲೇ ಓದಿ ಬಂದಿರುತ್ತಾರೆ. ಲ್ಯಾಬ್‌ನ ಮೊದಲ ವಾರ ಪೂರ್ತಿ ಕೆಟ್ಟ ಕೋಡ್ ಕೊಡಿ, ಮಾನ್ಯ ಲೆಕ್ಚರರ್‌ಗಳೇ. ಸಿಲಬಸ್ ಅದಕ್ಕೇನೂ ಅಡ್ಡ ಬರುವುದಿಲ್ಲ.

ನನಗೆ ಕಳಿಸುವವರು ಫೋಟೋ ಬಿಡಿ. ಎರರ್‌ನ ಮೊದಲ ಸಾಲಿನಿಂದ ಕಾಪಿ ಮಾಡಿ, ಆರ್ ಮತ್ತು ಪ್ಯಾಕೇಜ್ ವರ್ಷನ್ ತಿಳಿಸುವ ಸೆಷನ್‌ಇನ್ಫೋ ಔಟ್‌ಪುಟ್ ಸೇರಿಸಿ, ಡೇಟಾದ ಮೊದಲ ಹತ್ತು ಸಾಲನ್ನು ಡಿಪುಟ್ ಮಾಡಿ (ನಾನು ನೇರ ಆರ್‌ಗೆ ಹಾಕಬಹುದಾದ ಪಠ್ಯವಾಗಿಸಿ) ಕಳಿಸಿ. ರಾತ್ರಿ ನೋಡಿ ಉತ್ತರ ಕೊಡುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ತಡ ಆಗಬಹುದು, ತೋಟದಲ್ಲಿ ಕೊಯ್ಲು ಇರುತ್ತದೆ.